ಮೆಣಸಿನ ಚೀಲ ಮತ್ತು ಅದರ ಜೊತೆ ಬರುವ ಕಾಗದ

2018ರ ಮಾರ್ಚ್‌ನಲ್ಲಿ ಊರಿಗೆ ಹೋಗಿದ್ದೆ. ಶಿರಸಿಯಿಂದ ಇನ್ನೂ ಒಳಗೆ ನಮ್ಮೂರು. ಕಾಳುಮೆಣಸು ಕೊಯ್ದು, ತುಳಿದು, ಒಣಗಿಸಿ, ಚೀಲ ತುಂಬಿಸಿ ಆಗಿತ್ತು. ಅಪ್ಪ ಒಂದು ಹಿಡಿ ಕಾಳನ್ನು ಮಾದರಿಗೆ ಅಂತ ಕರವಸ್ತ್ರದಲ್ಲಿ ಕಟ್ಟಿಕೊಂಡು ಪೇಟೆಗೆ ಹೊರಟ. ಜೊತೆಗೆ ನಾನೂ ಹೋದೆ.

ವ್ಯಾಪಾರಿ ಕಾಳನ್ನು ಅಂಗೈಯಲ್ಲಿ ಉರುಳಿಸಿ ನೋಡಿದರು. ಎರಡು ಕಾಳು ಕಚ್ಚಿದರು. ಮಾಲು ಚೆನ್ನಾಗಿದೆ ಅಂದರು. ಆಮೇಲೆ ದರ ಹೇಳಿದರು. ಎರಡು ವರ್ಷದ ಹಿಂದೆ ಕಿಲೋಗೆ 600 ರೂಪಾಯಿಗೂ ಮೇಲೆ ಹೋಗಿದ್ದ ಮೆಣಸಿಗೆ ಆಗ ಹೆಚ್ಚೂಕಡಿಮೆ ಅರ್ಧ ದರ.

"ಹೆಗಡೇರೆ, ಕೊಲಂಬೊ ಮಾಲು ಬಂದು ಬಿದ್ದಿದೆ. ಏನ್ಮಾಡ್ತೀರಿ?" ಅಂದರು.

"ಶ್ರೀಲಂಕಾದಲ್ಲಿ ಅಷ್ಟೆಲ್ಲಾ ಮೆಣಸು ಬೆಳೀತಾರಾ?" ಅಪ್ಪ ಕೇಳಿದ.

"ಬೆಳೆಯೋದು ವಿಯೆಟ್ನಾಮಲ್ಲಿ. ಕಾಗದ ಮಾತ್ರ ಶ್ರೀಲಂಕಾದ್ದು."

ಅಪ್ಪ ಕರವಸ್ತ್ರ ಮತ್ತೆ ಗಂಟು ಹಾಕಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಪ್ರಶ್ನೆ ಕೇಳಿದ. "ಬೆಳೆದದ್ದು ಒಂದು ಕಡೆ, ಕಾಗದ ಇನ್ನೊಂದು ಕಡೇದು. ಅದು ಹೇಗೆ ನಡೀತದೆ?"

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ವಕೀಲ ಅಲ್ಲ, ಬೆಂಗಳೂರಲ್ಲಿ ಲೆಕ್ಕಪತ್ರ ಬರೆಯುವ ಕೆಲಸ ನನ್ನದು. ಆದರೆ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಅಲ್ಲಿಂದ ಇಲ್ಲಿಯವರೆಗೆ, ರಾತ್ರಿ ಊಟ ಆದಮೇಲೆ, ಭಾನುವಾರಗಳಲ್ಲಿ, ಸಿಕ್ಕ ಒಪ್ಪಂದ, ತೀರ್ಪು, ಹಳೇ ಚರಿತ್ರೆ ಎಲ್ಲಾ ಓದುತ್ತಾ ಬಂದೆ. ಓದಿದಷ್ಟೂ ಒಂದು ವಿಷಯ ಎದ್ದು ಕಾಣುತ್ತಾ ಹೋಯಿತು. ದೇಶದೇಶಗಳ ನಡುವಿನ ವ್ಯಾಪಾರದ ಕಾನೂನು ಅಂದರೆ ಅದರಲ್ಲಿ ದೊಡ್ಡ ಭಾಗ ಇದೇ ಪ್ರಶ್ನೆ: ನೀನು ಎಲ್ಲಿಂದ ಬಂದೆ, ಅದಕ್ಕೆ ಕಾಗದ ಎಲ್ಲಿದೆ, ಆ ಕಾಗದ ಬರೆದುಕೊಟ್ಟವರು ಯಾರು.

ಮೊದಲು ಅಪ್ಪನ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಹೇಳ್ತೇನೆ. ಹೊರದೇಶದ ಮೆಣಸು ಭಾರತಕ್ಕೆ ಬಂದರೆ ಸಾಮಾನ್ಯವಾಗಿ 70% ಸುಂಕ. ಆಗ್ನೇಯ ಏಷ್ಯಾದ ಆಸಿಯಾನ್ ಗುಂಪಿನ ದೇಶಗಳ ಜೊತೆ 2009ರಲ್ಲಿ ಆದ ಒಪ್ಪಂದದಿಂದ ವಿಯೆಟ್ನಾಂ ಮೆಣಸಿಗೆ ಅದು ವರ್ಷವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತಾ 2019ರ ಕೊನೆಗೆ 50%ಗೆ ಬಂದು ನಿಂತಿತು. ಶ್ರೀಲಂಕಾದ ಕಥೆಯೇ ಬೇರೆ. 1998ರ ಡಿಸೆಂಬರ್‌ನಲ್ಲಿ ಸಹಿ ಆಗಿ 2000ದಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದ ಲೆಕ್ಕದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವೇ ಇಲ್ಲದೆ ಬರಬಹುದು. ಅದಕ್ಕಿಂತ ಜಾಸ್ತಿ ಆದರೆ ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳು ತಮ್ಮೊಳಗೆ ಮಾಡಿಕೊಂಡ ಸಾಫ್ಟಾ ಅನ್ನುವ ವ್ಯಾಪಾರ ಒಪ್ಪಂದದಡಿ ಬರೀ 8%. ಒಂದು ಕಿಲೋ ಮೆಣಸಿನ ಬೆಲೆ 200 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ವಿಯೆಟ್ನಾಂ ಕಾಗದದ ಜೊತೆ ಬಂದರೆ ಸುಂಕ ಕಡಿಮೆ ಅಂದರೂ 100 ರೂಪಾಯಿ. ಶ್ರೀಲಂಕಾದ ಕಾಗದ ಇದ್ದರೆ 16 ರೂಪಾಯಿ, ಇಲ್ಲಾ ಸೊನ್ನೆ. ಅದೇ ಕಾಳು, ಅದೇ ಖಾರ.

ಒಪ್ಪಂದದಲ್ಲಿ ತಡೆ ಇಲ್ಲ ಅಂತಲ್ಲ. ಮೆಣಸಿನಂಥ ಬೆಳೆ ಆ ದೇಶದ ನೆಲದಲ್ಲೇ ಬೆಳೆದಿರಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಅದಕ್ಕೆ ಪುರಾವೆ ಆ ದೇಶದ ಇಲಾಖೆ ಕೊಡುವ ಮೂಲದ ಪ್ರಮಾಣಪತ್ರ. ವಿಯೆಟ್ನಾಂ ಮಾಲು ಕೊಲಂಬೊ ದಾರಿಯಲ್ಲಿ ಕಾಗದ ಬದಲಿಸಿಕೊಂಡು ಬರುತ್ತಿದೆ ಅಂತ ಕೊಡಗು, ಚಿಕ್ಕಮಗಳೂರು, ವಯನಾಡಿನ ಬೆಳೆಗಾರರು ಎಷ್ಟೋ ಸಲ ದೂರು ಕೊಟ್ಟರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಅಂತ ನಿಗದಿ ಮಾಡಿತು, ಅಂದರೆ ಅದಕ್ಕಿಂತ ಕಡಿಮೆ ಬೆಲೆಗೆ ಹೊರಗಿನ ಮಾಲು ತರುವ ಹಾಗಿಲ್ಲ. ಅಪ್ಪ ಕರವಸ್ತ್ರ ಬಿಚ್ಚಿದ್ದು ಅದಾಗಿ ಮೂರು ತಿಂಗಳಿಗೆ. ದರ ಏರಿರಲಿಲ್ಲ.

ಮೆಣಸಿಗೂ ಕಾಗದಕ್ಕೂ ಇರುವ ನಂಟು ನಮ್ಮ ಕರಾವಳಿಯಲ್ಲಿ ತುಂಬಾ ಹಳೆಯದು.

ಪೋರ್ಚುಗೀಸರು ಬರೋಕೆ ಮುಂಚೆ ಅರಬ್ಬಿ ಸಮುದ್ರದಲ್ಲಿ ಕಾನೂನು ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಭಟ್ಕಳ, ಹೊನ್ನಾವರ, ಬಸರೂರು, ಕಲ್ಲಿಕೋಟೆ, ಎಲ್ಲಾ ಬಂದರುಗಳಿಗೂ ಅವುಗಳದ್ದೇ ಕಟ್ಟಳೆ ಇತ್ತು. ಬಂದರಿಗೆ ಸುಂಕ ಕೊಡಬೇಕು. ಆದರೆ ನಡುನೀರಿನಲ್ಲಿ ಹಡಗು ನಿಲ್ಲಿಸಿ "ನಿನ್ನ ಕಾಗದ ತೋರಿಸು" ಅಂತ ಕೇಳುವ ರಾಜ ಇರಲಿಲ್ಲ. ಸಮುದ್ರ ಒಬ್ಬರದ್ದು ಅನ್ನುವ ಯೋಚನೆಯೇ ಇರಲಿಲ್ಲ.

ವಾಸ್ಕೋ ಡ ಗಾಮ ಎರಡನೇ ಸಲ ಬಂದದ್ದು 1502ರಲ್ಲಿ. ಆಗ ಭಟ್ಕಳದ ಮೇಲೆ ತೋಪು ತಿರುಗಿಸಿ ಅವನು ಒಪ್ಪಿಸಿಕೊಂಡ ಷರತ್ತುಗಳಲ್ಲಿ ವರ್ಷವರ್ಷ ಅಕ್ಕಿ ಕಪ್ಪ ಕೊಡುವುದು ಒಂದು, ಈ ಬಂದರಿನಲ್ಲಿ ಮೆಣಸು ವ್ಯಾಪಾರ ಮಾಡಬಾರದು ಅನ್ನುವುದು ಇನ್ನೊಂದು. ಮೆಣಸು ಬೆಳೆಯುವ ಘಟ್ಟದ ಬುಡದಲ್ಲೇ ಇರುವ ಬಂದರಿನಲ್ಲಿ ಮೆಣಸು ಮಾರಬಾರದು! ಅದೇ ಹೊತ್ತಿಗೆ 'ಕಾರ್ತಾಜ್' ಅನ್ನುವ ರಹದಾರಿ ಪತ್ರವೂ ಶುರುವಾಯಿತು. ಹಡಗಿನ ಹೆಸರು, ನಾಖುದನ (ಹಡಗಿನ ಕಪ್ತಾನನ) ಹೆಸರು, ಹಡಗು ಎಷ್ಟು ದೊಡ್ಡದು, ಎಷ್ಟು ಜನ, ಎಷ್ಟು ಆಯುಧ, ಎಲ್ಲಿಂದ ಎಲ್ಲಿಗೆ, ಎಲ್ಲಾ ಅದರಲ್ಲಿ ಬರೆದಿರುತ್ತಿತ್ತು. ಪತ್ರದ ಬೆಲೆ ಜಾಸ್ತಿ ಏನಲ್ಲ. ಆದರೆ ಪತ್ರ ಪಡೆದ ಹಡಗು ಪೋರ್ಚುಗೀಸರ ಬಂದರಿಗೆ ಬಂದು ಸುಂಕ ಕಟ್ಟಿಯೇ ಮುಂದೆ ಹೋಗಬೇಕು, ಮೆಣಸು ತುಂಬುವ ಹಾಗಿಲ್ಲ. ಪತ್ರ ಇಲ್ಲದ ಹಡಗು ಕೈಗೆ ಸಿಕ್ಕರೆ ಮಾಲು ಜಪ್ತಿ. ಅಕ್ಬರನ ಕಡೆಯಿಂದ ಮೆಕ್ಕಾಗೆ ಹೋಗುವ ಹಡಗು ಕೂಡಾ ಈ ಪತ್ರ ಇಟ್ಟುಕೊಂಡೇ ಹೋಗಬೇಕಿತ್ತು.

ನಮ್ಮ ಕಡೆಯವರಿಗೆ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಗೊತ್ತೇ ಇದೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತ ಕರೆದರು. ಈಗ ಅದನ್ನು ಹೆಮ್ಮೆಯಿಂದ ಹೇಳ್ತೇವೆ, ಹೇಳಬೇಕಾದ್ದೇ. ಆದರೆ ಆ ಹೆಸರಿನ ಹಿಂದೆ ಏನಿತ್ತು ಅಂತ ಯೋಚಿಸಿದರೆ ನನಗೆ ಬೇರೆಯದೇ ಕಾಣುತ್ತದೆ. ಅವಳ ನೆಲದ ಮೆಣಸು ಅವರಿಗೆ ಬೇಕೇ ಬೇಕು. ಅವಳಿಗೆ ಅವರ ಹಡಗು ಬೇಕು, ಯಾಕಂದರೆ ಬೇರೆಯವರ ಹಡಗನ್ನು ಅವರು ಬಿಡುವುದಿಲ್ಲ. ಅವಳು ಅವರ ಜೊತೆ ಜಗಳವಾಡಿದ್ದೂ ಉಂಟು, ಮಾರಿದ್ದೂ ಉಂಟು. ಆ ನಡುವೆಯೇ ಅಷ್ಟು ವರ್ಷ ರಾಜ್ಯ ಉಳಿಸಿಕೊಂಡಳು. ಅದು ಸಣ್ಣ ಮಾತಲ್ಲ.

ಇನ್ನು 1547ರ ಒಪ್ಪಂದ. ಇದರ ಬಗ್ಗೆ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ, ನಿಜವಾಗಿ. ವಿಜಯನಗರದ ಸದಾಶಿವರಾಯನ ಹೆಸರಿನಲ್ಲಿ, ಅಂದರೆ ಅಧಿಕಾರ ಕೈಯಲ್ಲಿದ್ದ ರಾಮರಾಯನ ಕಾಲದಲ್ಲಿ, ಗೋವಾದ ಗವರ್ನರ್ ಜೋವಾಂವ್ ದೆ ಕಾಸ್ತ್ರೊ ಜೊತೆ ಆ ವರ್ಷ ಸೆಪ್ಟೆಂಬರ್ 19ಕ್ಕೆ ಆದ ಕರಾರು ಅದು. ಗೋವಾಕ್ಕೆ ಬರುವ ಕುದುರೆಗಳೆಲ್ಲಾ ವಿಜಯನಗರಕ್ಕೇ ಸೇರಬೇಕು, ಬಿಜಾಪುರದ ಆದಿಲ್‌ಶಾಹನಿಗೆ ಒಂದೂ ಹೋಗಬಾರದು. ಅದಕ್ಕೆ ಬದಲಾಗಿ ವಿಜಯನಗರದ ಪೆಟ್ಲುಪ್ಪು ಮತ್ತು ಕಬ್ಬಿಣ ಆದಿಲ್‌ಶಾಹನ ಸೀಮೆಗೆ ಹೋಗುವ ಹಾಗಿಲ್ಲ, ರಾಯರ ಬಂದರುಗಳಿಗೇ ಬರಬೇಕು, ಅಲ್ಲಿ ಪೋರ್ಚುಗೀಸರು ತಡಮಾಡದೆ ಕೊಂಡುಕೊಳ್ಳಬೇಕು, ಮಾರುವವರಿಗೆ ನಷ್ಟ ಆಗಬಾರದು. ರಾಜ್ಯದ ಬಟ್ಟೆಯೆಲ್ಲಾ ಅಂಕೋಲೆಗೋ ಹೊನ್ನಾವರಕ್ಕೋ ಬರಬೇಕು. ಅಲ್ಲಿ ತಾಮ್ರ, ಹವಳ, ಪಾದರಸ, ಚೀನಾ ರೇಷ್ಮೆ ಜೊತೆ ವಿನಿಮಯ ಆಗಬೇಕು.

ಪೆಟ್ಲುಪ್ಪು ಅಂದರೆ ಮದ್ದುಗುಂಡಿನ ಕಚ್ಚಾ ಮಾಲು. ಕುದುರೆ ಅಂದರೆ ಆ ಕಾಲದ ಯುದ್ಧದ ಬಲ. ಇವತ್ತು ಒಂದು ದೇಶ ಇನ್ನೊಂದಕ್ಕೆ ಕಂಪ್ಯೂಟರ್ ಚಿಪ್ ಮಾರಬಾರದು ಅಂತ ಕಟ್ಟು ಹಾಕುತ್ತದಲ್ಲ, ಅದರ ಪೂರ್ತಿ ರೂಪ 1547ರಲ್ಲಿ ನಮ್ಮ ಅಂಕೋಲೆಯ ಹೆಸರಿನ ಜೊತೆಗೇ ಇದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಎಷ್ಟೋ ಸಲ ಆ ಕಡೆ ಹೋಗಿದ್ದೇನೆ. ಅಂಕೋಲೆ ಅಂದರೆ ನನಗೆ ಕರಿ ಇಶಾಡು ಮಾವು, ಉಪ್ಪಿನ ಸತ್ಯಾಗ್ರಹ. ಅಲ್ಲಿಗೆ ಘಟ್ಟದ ಮೇಲಿನಿಂದ ಎತ್ತಿನ ಮೇಲೆ ಬಟ್ಟೆ ಹೇರಿಕೊಂಡು ಬಂದವನಿಗೆ, ನೀನು ಯಾಕೆ ಇದೇ ಬಂದರಿಗೆ ಬಂದೆ ಅಂತ ಕೇಳಿದ್ದರೆ, ಗೋವಾದಲ್ಲಿ ಯಾರೋ ಸಹಿ ಹಾಕಿದ್ದಾರೆ ಅನ್ನುವುದು ಅವನಿಗೆ ತಿಳಿದಿರುತ್ತಿತ್ತಾ? ಮರುವರ್ಷವೇ ಪೋರ್ಚುಗೀಸರು ಆದಿಲ್‌ಶಾಹನ ಜೊತೆಗೂ ರಾಜಿ ಮಾಡಿಕೊಂಡರು. ಬೇರೆ ದಾರಿ ಬಿಟ್ಟು ಈ ದಾರಿ ಹಿಡಿದ ವ್ಯಾಪಾರಿಗಳು ಮಾತ್ರ ತಮ್ಮ ಎತ್ತು, ತಮ್ಮ ಗೋಣಿ ಹಿಡಿದು ಅಲ್ಲೇ ಇದ್ದರು.

ಇದಾಗಿ 50 ವರ್ಷ ಕಳೆದ ಮೇಲೆ ಡಚ್ಚರು ಬಂದರು. 1603ರ ಫೆಬ್ರವರಿಯಲ್ಲಿ ಸಿಂಗಪುರದ ಹತ್ತಿರ ಅವರ ಒಬ್ಬ ಕಪ್ತಾನ 'ಸಾಂತಾ ಕತರೀನಾ' ಅನ್ನುವ ಪೋರ್ಚುಗೀಸ್ ಹಡಗನ್ನು ಹಿಡಿದ. ಚೀನಾದ ರೇಷ್ಮೆ, ಪಿಂಗಾಣಿ ತುಂಬಿದ್ದ ಹಡಗು. ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು ಹಾಕಿದಾಗ 30 ಲಕ್ಷ ಗಿಲ್ಡರಿಗೂ ಹೆಚ್ಚು ಬಂತು. ಆದರೆ ಇದು ಕಳ್ಳತನ ಅಲ್ವಾ ಅಂತ ಡಚ್ ಈಸ್ಟ್ ಇಂಡಿಯಾ ಕಂಪನಿಯ ಪಾಲುದಾರರಲ್ಲೇ ಕೆಲವರಿಗೆ ಮನಸ್ಸು ಕಚ್ಚಿತು. ಸಮರ್ಥನೆ ಬರೆಯೋಕೆ ಕಂಪನಿ ಒಬ್ಬ ಹುಡುಗ ವಕೀಲನನ್ನು ಹಿಡಿಯಿತು. ಹ್ಯೂಗೋ ಗ್ರೋಶಿಯಸ್. ವಯಸ್ಸು ಇಪ್ಪತ್ತರ ಆಚೀಚೆ.

ಅವನು ಬರೆದದ್ದರಲ್ಲಿ ಒಂದು ಅಧ್ಯಾಯ 1609ರಲ್ಲಿ 'ಮಾರೆ ಲಿಬೆರುಂ' ಅಂತ ಹೊರಬಂತು, ಲೇಖಕನ ಹೆಸರಿಲ್ಲದೆ. ಮುಕ್ತ ಸಮುದ್ರ ಅಂತ ಅರ್ಥ. ಗಾಳಿಯ ಹಾಗೆ ಸಮುದ್ರವೂ ಯಾರ ಆಸ್ತಿಯೂ ಅಲ್ಲ. ಒಂದು ಜನಕ್ಕೆ ಇನ್ನೊಂದು ಜನದ ಜೊತೆ ವ್ಯಾಪಾರ ಮಾಡುವ ಹಕ್ಕು ಹುಟ್ಟಿನಿಂದಲೇ ಬಂದದ್ದು. ಜಾವಾ, ಸಿಂಹಳ, ಮೊಲುಕ್ಕಾದ ಜನಕ್ಕೆ ಅವರದ್ದೇ ರಾಜರಿದ್ದಾರೆ, ಅವರದ್ದೇ ಕಾನೂನಿದೆ, ಪೋರ್ಚುಗೀಸರು ಅವರ ಒಡೆಯರಲ್ಲ. ಅಂತರರಾಷ್ಟ್ರೀಯ ಕಾನೂನು ಓದುವವರಿಗೆ ಇದು ಇವತ್ತಿಗೂ ಬುನಾದಿಯ ಬರಹ. ನಮ್ಮ ಬಂದರುಗಳಲ್ಲಿ ನೂರಾರು ವರ್ಷ ಯಾರೂ ಬರೆಯದೆ ನಡೆದುಕೊಂಡು ಬಂದಿದ್ದ ಮಾತು ಯೂರೋಪಿನಲ್ಲಿ ಲ್ಯಾಟಿನ್ನಿನಲ್ಲಿ ಅಚ್ಚಾಯಿತು, ಅದೂ ಹಿಡಿದ ಹಡಗನ್ನು ದಕ್ಕಿಸಿಕೊಳ್ಳೋಕೆ.

ಆ ಬರಹ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ. ಒಳ್ಳೆಯ ಮಾತು ಯಾವ ಕಾರಣಕ್ಕೆ ಹುಟ್ಟಿದರೂ ಒಳ್ಳೆಯ ಮಾತೇ. ಆದರೆ 1621ರಲ್ಲಿ ಅದೇ ಕಂಪನಿ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಬಾಂಡಾ ದ್ವೀಪದ ಜನರನ್ನು ಬಹುಪಾಲು ಅಳಿಸಿಹಾಕಿತು. ಅದಕ್ಕೂ ಮುಂಚೆ, 1613ರಲ್ಲಿ, ಡಚ್ಚರು ನಮ್ಮನ್ನು ಮಸಾಲೆ ದ್ವೀಪಗಳಿಗೆ ಬಿಡುತ್ತಿಲ್ಲ ಅಂತ ಇಂಗ್ಲಿಷರು ಲಂಡನ್ನಿನಲ್ಲಿ ಮಾತುಕತೆಗೆ ಕೂತಾಗ, ಡಚ್ಚರ ಪರವಾಗಿ ಬಂದಿದ್ದ ಗ್ರೋಶಿಯಸ್ ಎದುರಿಗೇ ಅವನ ಆ ಸಾಲುಗಳನ್ನು ಓದಿ ಹೇಳಿದರು. ಒಪ್ಪಂದ ಮಾಡಿಕೊಂಡ ಮೇಲೆ ಅದಕ್ಕೆ ಕಟ್ಟುಬೀಳಬೇಕು ಅನ್ನುವುದು ಅವನ ಉತ್ತರವಾಗಿತ್ತು. ದ್ವೀಪದವರು ಡಚ್ಚರಿಗೇ ಮಾರುತ್ತೇವೆ ಅಂತ ಬರೆದುಕೊಟ್ಟಿದ್ದಾರಲ್ಲ! ಮತ್ತೆ ಕಾಗದ.

ಮುಂದಿನ ಮುನ್ನೂರು ವರ್ಷ ಕಂಪನಿಗಳ ಕಾಲ, ಅದನ್ನು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ನಾನು ನೇರವಾಗಿ 1947ಕ್ಕೆ ಬರ್ತೇನೆ.

ಆ ವರ್ಷ ಅಕ್ಟೋಬರ್ 30ಕ್ಕೆ ಜಿನೀವಾದಲ್ಲಿ 23 ದೇಶಗಳು ಗ್ಯಾಟ್, ಅಂದರೆ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದಕ್ಕೆ ಸಹಿ ಹಾಕಿದವು. ನಮಗೆ ಸ್ವಾತಂತ್ರ್ಯ ಬಂದು ಎರಡೂವರೆ ತಿಂಗಳಾಗಿತ್ತು ಅಷ್ಟೇ, ಆದರೂ ಆ 23ರಲ್ಲಿ ಭಾರತ ಇತ್ತು. ಪಾಕಿಸ್ತಾನ, ಬರ್ಮಾ, ಸಿಲೋನ್ ಕೂಡಾ ಇದ್ದವು. ಇದರ ಮೊದಲ ವಿಧಿಯೇ ಪರಮಾಪ್ತ ರಾಷ್ಟ್ರದ ನಿಯಮ. ಒಬ್ಬರಿಗೆ ಸುಂಕ ಇಳಿಸಿದರೆ ಎಲ್ಲರಿಗೂ ಇಳಿಸಬೇಕು, ಮುಕ್ತ ವ್ಯಾಪಾರ ಒಪ್ಪಂದದಂಥವಕ್ಕೆ ಮಾತ್ರ ವಿನಾಯಿತಿ. ಕುದುರೆಯೆಲ್ಲಾ ನಿನಗೇ, ಅವನಿಗೆ ಒಂದೂ ಇಲ್ಲ ಅನ್ನುವ 1547ರ ಮಾತಿಗೆ ಪೂರ್ತಿ ಉಲ್ಟಾ. ಆ ಕಾಲಕ್ಕೆ ಅದು ದೊಡ್ಡ ಯೋಚನೆ ಅಂತ ನಾನು ಮನಸಾರೆ ಒಪ್ಪುತ್ತೇನೆ. ಒಬ್ಬೊಬ್ಬರೂ ತಮ್ಮ ತಮ್ಮ ಗುಂಪು ಕಟ್ಟಿಕೊಂಡು ಸುಂಕದ ಗೋಡೆ ಏರಿಸಿದ 1930ರ ದಶಕ ಕೊನೆಗೆ ಯುದ್ಧಕ್ಕೆ ಹೋಗಿ ಮುಟ್ಟಿದ್ದನ್ನು ನೋಡಿದವರು ಬರೆದ ಮಾತದು.

ಗ್ಯಾಟ್ ನಿಜಕ್ಕೂ ಒಂದು ದೊಡ್ಡ ಸಂಸ್ಥೆಯ ಒಂದು ಭಾಗ ಆಗಬೇಕಿತ್ತು. 1948ರ ಮಾರ್ಚ್‌ನಲ್ಲಿ ಹವಾನಾದಲ್ಲಿ 53 ದೇಶಗಳು ಸಹಿ ಹಾಕಿದ ಸನ್ನದಿನಲ್ಲಿ ಉದ್ಯೋಗದ ಮಾತಿತ್ತು, ಕೃಷಿ ಸರಕುಗಳ ಬೆಲೆ ಕುಸಿಯದ ಹಾಗೆ ನೋಡಿಕೊಳ್ಳುವ ಮಾತಿತ್ತು, ಹೊರದೇಶದ ಬಂಡವಾಳದ ಮಾತೂ ಇತ್ತು. ಅಮೆರಿಕದ ಸಂಸತ್ತು ಒಪ್ಪುವುದಿಲ್ಲ ಅಂತ ಖಚಿತವಾಗಿ 1950ರಲ್ಲಿ ಅದು ಬಿದ್ದುಹೋಯಿತು. ಸುಂಕದ ಭಾಗ ಒಂದೇ ಉಳಿಯಿತು. ಬೆಳೆದವನ ಬೆಲೆಯ ಮಾತಿದ್ದ ಪುಟಗಳು ಹೋದವು. ಅಪ್ಪ ಹುಟ್ಟಿದ್ದೂ 1950ರಲ್ಲೇ.

ನನಗೆ ಗ್ಯಾಟ್ ಅನ್ನುವ ಶಬ್ದ ಕಿವಿಗೆ ಬಿದ್ದದ್ದು ಸೊರಬದ ಅತ್ತೆ ಮನೆಯಲ್ಲಿ, ಎಂಟೊಂಬತ್ತು ವರ್ಷದವನಿದ್ದಾಗ. 1993. ರೈತ ಸಂಘದ ಹಸಿರು ಶಾಲು ಹಾಕಿದವರು ಜಗುಲಿಯಲ್ಲಿ ಕೂತು ಡಂಕೆಲ್ ಪ್ರಸ್ತಾವದ ಬಗ್ಗೆ ರಾತ್ರಿಯವರೆಗೂ ಮಾತಾಡುತ್ತಿದ್ದರು. ಗೋಡೆಗಳ ಮೇಲೂ ಅದೇ ಹೆಸರು. ಡಂಕೆಲ್ ಅಂದರೆ ಬೀಜದ ಕಂಪನಿ ಅಂದುಕೊಂಡಿದ್ದೆ. ಆರ್ಥರ್ ಡಂಕೆಲ್ ಸ್ವಿಟ್ಜರ್ಲೆಂಡಿನ ಅಧಿಕಾರಿ, ಗ್ಯಾಟ್‌ನ ಮುಖ್ಯಸ್ಥ. 1986ರಲ್ಲಿ ಉರುಗ್ವೆಯಲ್ಲಿ ಶುರುವಾದ ಮಾತುಕತೆ ಎಲ್ಲಿಗೂ ಮುಟ್ಟದೆ ಎಳೆದಾಡುತ್ತಿದ್ದಾಗ 1991ರ ಡಿಸೆಂಬರ್‌ನಲ್ಲಿ ಅವನು ಒಂದು ಪೂರ್ತಿ ಕರಡು ತಂದು ಮೇಜಿನ ಮೇಲಿಟ್ಟ. ಕೃಷಿ, ಬೀಜ, ಪೇಟೆಂಟ್, ಸೇವೆ, ಎಲ್ಲಾ ಒಂದೇ ಕಟ್ಟಿನಲ್ಲಿ.

ಕರ್ನಾಟಕದ ರೈತರು ಅದನ್ನು ಓದಿದ್ದು ದೊಡ್ಡ ವಿಷಯ. ಸುಮ್ನೆ ಕೇಳಿ ಕೂಗಿದ್ದಲ್ಲ, ಓದಿದರು. ಎಂ.ಡಿ. ನಂಜುಂಡಸ್ವಾಮಿಯವರು ಕಾನೂನು ಕಲಿಸಿದವರು, ಎಲ್ಲರ ಬಾಯಲ್ಲೂ ಪ್ರೊಫೆಸರ್. ಜಿನೀವಾದ ಇಂಗ್ಲಿಷ್ ಕರಡನ್ನು ಹಳ್ಳಿಯ ಜಗುಲಿಗೆ ತಂದು ಕನ್ನಡದಲ್ಲಿ ಬಿಡಿಸಿ ಹೇಳುವುದು ಸಾಧ್ಯ ಅಂತ ಅವರು ಮತ್ತು ಸಂಘದವರು ತೋರಿಸಿದರು. 1992ರ ಡಿಸೆಂಬರ್ ಕೊನೆಗೆ ಕಾರ್ಗಿಲ್ ಅನ್ನುವ ಅಮೆರಿಕದ ಬೀಜದ ಕಂಪನಿಯ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟದ್ದು ನನಗೆ ಸರಿ ಅನ್ನಿಸುವುದಿಲ್ಲ. 1993ರ ಅಕ್ಟೋಬರ್‌ನಲ್ಲಿ ಲಕ್ಷಾಂತರ ರೈತರು ಬೆಂಗಳೂರಿಗೆ ಬಂದು ಕಬ್ಬನ್ ಪಾರ್ಕಿನಲ್ಲಿ ಸೇರಿ ನಮ್ಮ ಬೀಜ ನಮ್ಮದು ಅಂದದ್ದು ನೂರಕ್ಕೆ ನೂರು ಸರಿ ಅನ್ನಿಸುತ್ತದೆ.

ಅದರಿಂದ ಏನಾಯಿತು ಅಂತ ಕೇಳುವವರಿಗೆ ಒಂದು ವಿವರ ಹೇಳಬೇಕು. 1994ರ ಏಪ್ರಿಲ್ 15ಕ್ಕೆ ಮರಾಕೇಶ್‌ನಲ್ಲಿ ಎಲ್ಲರೂ ಸಹಿ ಹಾಕಿದರು, 1995ರ ಜನವರಿ 1ಕ್ಕೆ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಪೇಟೆಂಟ್ ಭಾಗದಲ್ಲಿ ಬೀಜದ ತಳಿಗಳಿಗೆ ಪೇಟೆಂಟ್ ಕೊಡಬೇಕು, ಇಲ್ಲಾ ಆ ದೇಶ ತನ್ನದೇ ಆದ ಬೇರೆ ಪರಿಣಾಮಕಾರಿ ವ್ಯವಸ್ಥೆ ಮಾಡಿಕೊಳ್ಳಬಹುದು ಅಂತ ಒಂದು ಸಂದು ಉಳಿದಿತ್ತು. ಆ ಸಂದಿನೊಳಗೆ ಭಾರತ 2001ರಲ್ಲಿ ತನ್ನದೇ ಕಾಯ್ದೆ ಮಾಡಿತು. ರೈತ ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಬ್ರಾಂಡ್ ಹೆಸರು ಹಾಕಿ ಮಾತ್ರ ಮಾರಬಾರದು ಅಂತ ಅದರ 39ನೇ ಸೆಕ್ಷನ್ ಹೇಳುತ್ತದೆ. ಬೀದಿಯಲ್ಲಿ ಅಷ್ಟು ಜನ ನಿಲ್ಲದೇ ಇದ್ದಿದ್ದರೆ ಆ ಸಾಲು ಅಷ್ಟು ನೇರವಾಗಿ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಕಡೆ ಸೋತೆವು. ವಿದೇಶಿ ವಿನಿಮಯದ ಕೊರತೆ ಇದೆ ಅನ್ನುವ ಕಾರಣ ಕೊಟ್ಟು ಭಾರತ ನೂರಾರು ಸರಕುಗಳ ಆಮದಿನ ಮೇಲೆ ದಶಕಗಳಿಂದ ಮಿತಿ ಇಟ್ಟಿತ್ತು. ಈಗ ಆ ಕೊರತೆ ಎಲ್ಲಿದೆ ಅಂತ ಅಮೆರಿಕ 1997ರಲ್ಲಿ ದೂರು ಕೊಟ್ಟಿತು. 1999ರಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. 2000ದ ಏಪ್ರಿಲ್ 1ಕ್ಕೆ 714, ಮರುವರ್ಷ ಅದೇ ದಿನ ಉಳಿದ 715 ಸರಕುಗಳ ಮೇಲಿನ ಮಿತಿ ಎತ್ತಿಹಾಕಿದರು. ಅಲ್ಲಿಂದ ಮುಂದೆ ನಮ್ಮ ಬೆಳೆಗೆ ಉಳಿದ ಬೇಲಿ ಸುಂಕ ಮಾತ್ರ. ಆ ಸುಂಕದಲ್ಲಿ ಎಲ್ಲಿ ಕಂಡಿ ಇದೆ ಅಂತ ಹುಡುಕುವವರಿಗೆ ಸಿಕ್ಕಿದ್ದೇ ಬೇರೆ ಬೇರೆ ದೇಶದ ಜೊತೆ ಬೇರೆ ಬೇರೆ ಒಪ್ಪಂದ, ಬೇರೆ ಬೇರೆ ದರ. ಮುಂದಿನದು ನಿಮಗೆ ಗೊತ್ತು.

ಸರಕಿನ ಕಥೆ ಇಷ್ಟು. ಹಣದ ಕಥೆ ಓದೋಕೆ ಹೋದಾಗ ಅಲ್ಲೂ ಇದೇ ಪ್ರಶ್ನೆ ಎದುರಾಯಿತು.

ಹೊರದೇಶದಲ್ಲಿ ಹಾಕಿದ ಬಂಡವಾಳಕ್ಕೆ ರಕ್ಷಣೆ ಕೊಡುವ ಎರಡು ದೇಶಗಳ ನಡುವಿನ ಮೊದಲ ಒಪ್ಪಂದ ಅಂತ ಎಲ್ಲರೂ ಎಣಿಸುವುದು 1959ರ ನವೆಂಬರ್ 25ರಂದು ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನದ ನಡುವೆ ಆದದ್ದನ್ನು. ಆಮೇಲೆ ಇಂಥವು ಸಾವಿರಾರು ಬಂದವು. ಸರ್ಕಾರದಿಂದ ಅನ್ಯಾಯ ಆಯಿತು ಅಂತ ಕಂಪನಿಗೆ ಅನ್ನಿಸಿದರೆ ಅದು ನೇರವಾಗಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಬಹುದು ಅನ್ನುವುದು ಆಮೇಲೆ ಬಂದ ಬಹುಪಾಲು ಒಪ್ಪಂದಗಳ ತಿರುಳು. ಬಹಳ ವರ್ಷ ಈ ಅವಕಾಶವನ್ನು ಯಾರೂ ಬಳಸಲೇ ಇಲ್ಲ. ವಿಶ್ವ ಬ್ಯಾಂಕಿನ ಅಡಿಯ ಮಧ್ಯಸ್ಥಿಕೆ ಕೇಂದ್ರದಲ್ಲಿ ಇಂಥ ಒಪ್ಪಂದವನ್ನೇ ಆಧಾರ ಮಾಡಿಕೊಂಡು ಬಂದ ಮೊದಲ ತೀರ್ಪು 1990ರದ್ದು. ಎದುರಾಳಿ ಶ್ರೀಲಂಕಾ.

ಬಟ್ಟಿಕಲೋವಾ ಹತ್ತಿರ ಒಂದು ಸೀಗಡಿ ಸಾಕಣೆ ಕೇಂದ್ರ ಇತ್ತು. 1987ರ ಜನವರಿ 28ಕ್ಕೆ ಎಲ್‌ಟಿಟಿಇಯ ತಮಿಳು ಹುಲಿಗಳ ವಿರುದ್ಧ ಕಾರ್ಯಾಚರಣೆ ಅಂತ ಭದ್ರತಾ ಪಡೆ ಬಂತು. ಕೇಂದ್ರ ನಾಶವಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದವರನ್ನೂ, ಸುತ್ತಲಿನ ಊರಿನವರನ್ನೂ ಕೊಂದರು. ಕೊಕ್ಕಡಿಚ್ಚೋಲೈ ಅಂತ ಆ ಊರಿನ ಹೆಸರು. ಸೀಗಡಿ ಕೇಂದ್ರದಲ್ಲಿ ಹಾಂಗ್‌ಕಾಂಗಿನ ಒಂದು ಕಂಪನಿಯ ಪಾಲಿತ್ತು. ಬ್ರಿಟನ್ ಮತ್ತು ಶ್ರೀಲಂಕಾ ನಡುವೆ 1980ರಲ್ಲಿ ಆದ ಒಪ್ಪಂದ ಹಾಂಗ್‌ಕಾಂಗಿಗೂ ಅನ್ವಯ ಆಗುತ್ತಿತ್ತು, ಆ ಕಾಗದ ಹಿಡಿದು ಕಂಪನಿ ದಾವೆ ಹೂಡಿತು. ಮುನ್ನೆಚ್ಚರಿಕೆ ತಗೊಳ್ಳಬೇಕಿದ್ದ ಸರ್ಕಾರ ತಗೊಳ್ಳಲಿಲ್ಲ ಅಂತ 4,60,000 ಡಾಲರ್ ಪರಿಹಾರದ ತೀರ್ಪು ಬಂತು. ಕಂಪನಿಗೆ ನಷ್ಟ ಆಗಿತ್ತು, ಪರಿಹಾರ ಕೇಳುವುದು ತಪ್ಪಲ್ಲ. ಆದರೆ ಆ ತೀರ್ಪು ಸೀಗಡಿ ಕಂಪನಿಯ ಪಾಲಿನ ಬೆಲೆಯನ್ನು ಲೆಕ್ಕ ಹಾಕಿದ ತೀರ್ಪು. ಸತ್ತ ಕೆಲಸಗಾರರ ಮನೆಯವರು ಆ ಬಾಗಿಲಿಗೆ ಬರೋಕೆ ದಾರಿ ಇರಲಿಲ್ಲ. ಒಪ್ಪಂದ ಹೂಡಿಕೆದಾರರ ಹೆಸರಿನಲ್ಲಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಂಗಳೂರಿನವರಿಗೆ ಹತ್ತಿರದ್ದು ದೇವಾಸ್ ಪ್ರಕರಣ. ಇಸ್ರೋದ ವ್ಯಾಪಾರ ಅಂಗವಾದ ಆಂಟ್ರಿಕ್ಸ್ ಬೆಂಗಳೂರಿನದು, ದೇವಾಸ್ ಮಲ್ಟಿಮೀಡಿಯಾ ಕೂಡಾ ಬೆಂಗಳೂರಿನದು. ಉಪಗ್ರಹಗಳ ಎಸ್-ಬ್ಯಾಂಡ್ ತರಂಗ ಬಳಸುವ ಬಗ್ಗೆ 2005ರ ಜನವರಿಯಲ್ಲಿ ಕರಾರು ಆಯಿತು, 2011ರಲ್ಲಿ ಸರ್ಕಾರ ರದ್ದು ಮಾಡಿತು. ಕಂಪನಿಗಳ ನಡುವಿನ ಮಧ್ಯಸ್ಥಿಕೆಯಲ್ಲಿ 2015ರಲ್ಲಿ ಆಂಟ್ರಿಕ್ಸ್ 56 ಕೋಟಿ ಡಾಲರಿಗೂ ಮೇಲೆ ಕೊಡಬೇಕು ಅಂತ ತೀರ್ಪು ಬಂತು. ಅದು ಒಂದು ದಾರಿ. ದೇವಾಸ್‌ನಲ್ಲಿ ಹಣ ಹಾಕಿದ್ದವರು ಇನ್ನೂ ಎರಡು ದಾರಿ ಹಿಡಿದರು. ಜರ್ಮನಿಯ ಟೆಲಿಕಾಂ ಕಂಪನಿ ಭಾರತ-ಜರ್ಮನಿ ಒಪ್ಪಂದದಡಿ ಹೋಯಿತು. ಅಮೆರಿಕದ ಹೂಡಿಕೆದಾರರ ಹಣ ಬಂದದ್ದು ಮಾರಿಷಸ್‌ನಲ್ಲಿ ನೋಂದಾಯಿಸಿದ ಕಂಪನಿಗಳ ಮೂಲಕ. ಅಮೆರಿಕದ ಜೊತೆ ನಮಗೆ ಇಂಥ ಒಪ್ಪಂದ ಇರಲಿಲ್ಲ, ಮಾರಿಷಸ್ ಜೊತೆ ಇತ್ತು. ಎರಡೂ ಕಡೆ ತೀರ್ಪು ಭಾರತದ ವಿರುದ್ಧವೇ ಬಂತು. ಆಮೇಲೆ 2022ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೇವಾಸ್ ವ್ಯವಹಾರ ವಂಚನೆಯಿಂದಲೇ ಹುಟ್ಟಿದ್ದು ಅಂತ ಹೇಳಿ ಕಂಪನಿ ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ಹೊರದೇಶದ ಕೋರ್ಟುಗಳಲ್ಲಿ ಜಗಳ ಅಲ್ಲಿಗೂ ನಿಲ್ಲಲಿಲ್ಲ, 2025ರಲ್ಲಿ ಅದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಇದರಲ್ಲಿ ಯಾರು ಎಷ್ಟು ಸರಿ ಅಂತ ತೀರ್ಮಾನ ಹೇಳುವಷ್ಟು ನನಗೆ ತಿಳಿವಳಿಕೆ ಇಲ್ಲ. ನನ್ನ ಕಣ್ಣು ನಿಂತದ್ದು ಮಾರಿಷಸ್ ಮೇಲೆ. ಮೆಣಸಿಗೆ ಕೊಲಂಬೊ ಇದ್ದ ಹಾಗೆ ಡಾಲರಿಗೆ ಮಾರಿಷಸ್. ಒಂದು ವ್ಯತ್ಯಾಸ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ವಿಯೆಟ್ನಾಂ ಕಾಳಿಗೆ ಶ್ರೀಲಂಕಾ ಕಾಗದ ಹಚ್ಚುವುದು ಒಪ್ಪಂದಕ್ಕೆ ಮೋಸ. ಮಾರಿಷಸ್‌ನಲ್ಲಿ ಕಂಪನಿ ತೆರೆದು ಹಣ ತರುವುದು ಆಗಿನ ಒಪ್ಪಂದದ ಪ್ರಕಾರ ಮೋಸ ಅಲ್ಲವೇ ಅಲ್ಲ. ಬರೆದವರೇ ಹಾಗೆ ಬರೆದಿದ್ದರು. ಕಾಳು ನೆಲದಲ್ಲಿ ಬೆಳೆದಿರಬೇಕು, ಹಣಕ್ಕೆ ನೋಂದಣಿ ಸಾಕು.

ಹತ್ತು ವರ್ಷದಿಂದೀಚೆಗೆ ಎರಡೂ ಕಡೆ ಸ್ವಲ್ಪ ಬದಲಾಗಿದೆ. ಭಾರತ 2015ರ ಕೊನೆಗೆ ಹೊಸ ಮಾದರಿ ಒಪ್ಪಂದ ಒಪ್ಪಿಕೊಂಡಿತು, ಹಳೇ ಒಪ್ಪಂದಗಳಲ್ಲಿ 50ಕ್ಕೂ ಹೆಚ್ಚನ್ನು ಮುಗಿಸುವ ನೋಟಿಸು ಕೊಟ್ಟಿತು. ಹೊಸದರಲ್ಲಿ ಹೂಡಿಕೆದಾರ ಕಂಪನಿಗೆ ತನ್ನ ದೇಶದಲ್ಲಿ ನಿಜವಾದ ವ್ಯವಹಾರ ಇರಬೇಕು, ಹೊರಗಿನ ಮಧ್ಯಸ್ಥಿಕೆಗೆ ಹೋಗುವ ಮುಂಚೆ 5 ವರ್ಷ ಇಲ್ಲಿನ ಕೋರ್ಟಿನಲ್ಲೇ ಪ್ರಯತ್ನಿಸಬೇಕು. ನಮ್ಮ ಕೋರ್ಟಿನ ನಿಧಾನ ನೋಡಿದರೆ 5 ವರ್ಷ ಅನ್ನುವುದು ಪ್ರಾಮಾಣಿಕ ಹೂಡಿಕೆದಾರನಿಗೂ ಕಷ್ಟವೇ, ಅದನ್ನೂ ಒಪ್ಪಬೇಕು. ಸರಕಿನ ಕಡೆ 2020ರ ಸೆಪ್ಟೆಂಬರ್ 21ರಿಂದ ಕಸ್ಟಮ್ಸ್‌ನ ಹೊಸ ನಿಯಮ ಬಂತು. ಮೂಲದ ಪ್ರಮಾಣಪತ್ರ ಒಂದನ್ನೇ ತೋರಿಸಿದರೆ ಸಾಲದು. ಸರಕು ಆ ದೇಶದ್ದು ಹೇಗೆ ಅನ್ನುವ ಮಾಹಿತಿ ಆಮದು ಮಾಡುವವನ ಹತ್ತಿರವೇ ಇರಬೇಕು, ಕೇಳಿದಾಗ ಕೊಡಬೇಕು, ಐದು ವರ್ಷ ಇಟ್ಟುಕೊಂಡಿರಬೇಕು.

ಈ ನಿಯಮವನ್ನು ನಾನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳೋಕೆ ಅರ್ಧ ಗಂಟೆ ಹಿಡಿಯಿತು. ಅಪ್ಪ ಪೂರ್ತಿ ಕೇಳಿದ. "ಎಲ್ಲಿ ಬೆಳೆದದ್ದು ಅಂತ ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ?" ಅಂದ.

ಆವತ್ತು ಕರವಸ್ತ್ರ ಗಂಟು ಹಾಕಿಕೊಂಡು ವಾಪಸ್ ಬಂದ ಮೇಲೆ ಆ ವರ್ಷದ ಚೀಲಗಳನ್ನು ಅಪ್ಪ ಮಾರಲಿಲ್ಲ. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ, ಅದೊಂದು ಪುಣ್ಯ. ಆದರೆ ಹಾಗೆ ಇಟ್ಟುಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನಮ್ಮ ಪಕ್ಕದ ಮನೆಯವರಿಗೆ ಮಗಳ ಮದುವೆ ಇತ್ತು, ಅವರು ಆ ಮಾರ್ಚ್‌ನಲ್ಲೇ ಸಿಕ್ಕ ದರಕ್ಕೆ ಕೊಟ್ಟರು. 2021ರ ದೀಪಾವಳಿ ಹೊತ್ತಿಗೆ ದರ 500 ಮುಟ್ಟಿದಾಗ ನಾನು, ಅಪ್ಪ ಸೇರಿ ಮೆತ್ತಿನ ಮೇಲಿಂದ ಚೀಲ ಇಳಿಸಿದೆವು. ಪ್ರತಿ ಚೀಲದ ಮೇಲೂ ಇದ್ದಿಲಿನಲ್ಲಿ ಅಪ್ಪನ ಅಕ್ಷರ ಇತ್ತು. ಕೆಳಗಿನ ತೋಟ, 2018. ಹೊಳೆಬದಿ, 2018. ಎರಡು ಚೀಲದ ಮೇಲೆ ಅಕ್ಷರ ಅಳಿಸಿಹೋಗಿತ್ತು. ಅಪ್ಪ ಒಂದೊಂದರ ಬಾಯಿ ಬಿಚ್ಚಿ, ಕಾಳು ಮೂಸಿ ನೋಡಿ, ಇದು ಹೊಳೆಬದಿಯದು ಅಂದ, ಮತ್ತೆ ಇದ್ದಿಲು ತಗೊಂಡು ಬರೆದ.